ಲೀಗಿನ 36 ದಿನ, ವರ್ಷದ 365 ದಿನ: ಹಾಕಿ ಆಟಗಾರನ ವೃತ್ತಿಯ ಲೆಕ್ಕಾಚಾರ

ಕ್ರೀಡೆಗೆ ಪ್ರಾಯೋಜಕತ್ವ ಕೋರುವ ಪತ್ರಗಳು ಹುಬ್ಬಳ್ಳಿ-ಧಾರವಾಡದ ವ್ಯಾಪಾರಸ್ಥರಿಗೆ ಹೊಸವಲ್ಲ. ಗೋಕುಲ ರಸ್ತೆಯ ಕಾರ್ಖಾನೆಯಿರಲಿ, ತಾರಿಹಾಳದ ಸಣ್ಣ ಘಟಕವಿರಲಿ, ಅಮರಗೋಳದ ಮಾರುಕಟ್ಟೆ ಪ್ರಾಂಗಣದ ಅಡತಿ ಅಂಗಡಿಯಿರಲಿ, ವರ್ಷಕ್ಕೆ ನಾಲ್ಕಾರು ಬಾರಿ ಯಾವುದಾದರೂ ಪಂದ್ಯಾವಳಿಯ ಸಂಘಟಕರು ಬಂದು ಹೋಗುತ್ತಾರೆ. ಬಹುಪಾಲು ಉದ್ಯಮಿಗಳು ಟ್ರೋಫಿಗೋ ಜೆರ್ಸಿಗೋ ಕೈಲಾದಷ್ಟು ಹಣ ಕೊಟ್ಟು ಕಳುಹಿಸುತ್ತಾರೆ. ಆ ಹಣ ಆಟಕ್ಕೆ ನಿಜವಾಗಿ ಎಷ್ಟು ಉಪಯೋಗವಾಯಿತು, ಆಟಗಾರನ ಬದುಕು ಹೇಗೆ ಸಾಗುತ್ತದೆ ಎಂಬ ವಿಚಾರ ಅಲ್ಲಿಗೇ ಉಳಿದುಬಿಡುತ್ತದೆ.

ಹಾಕಿ ಆಟದ ಮಟ್ಟಿಗೆ ಈ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವಾಗಿದೆ. ಕರ್ನಾಟಕದಲ್ಲಿ ಹಾಕಿ ಎಂದೊಡನೆ ಕೊಡಗು ನೆನಪಾಗುವುದು ಸಹಜ. ಆದರೆ ಹುಬ್ಬಳ್ಳಿಯ ಸೆಟ್ಲಮೆಂಟ್ ಪ್ರದೇಶದಲ್ಲಿಯೂ ನೆರೆಯ ಗದಗ-ಬೆಟಗೇರಿಯಲ್ಲಿಯೂ ಈ ಆಟ ಬಹುಕಾಲದಿಂದ ಬೇರೂರಿದೆ. ಇಲ್ಲಿಯ ಶ್ರಮಿಕ ಕುಟುಂಬಗಳ ಮಕ್ಕಳಿಗೆ ಹಾಕಿ ಕೋಲು ನೌಕರಿಯ ಬಾಗಿಲು ತೆರೆಯುವ ಸಾಧನವೂ ಹೌದು. 2024ರ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗ್ ಪುನರಾರಂಭವಾದ ನಂತರ ಈ ಮಕ್ಕಳ ಮುಂದೆ ಹೊಸ ಪ್ರಶ್ನೆಯೊಂದು ನಿಂತಿದೆ: ನೌಕರಿಯನ್ನು ನಂಬಬೇಕೋ, ಲೀಗನ್ನು ನಂಬಬೇಕೋ, ಹೊರದೇಶದ ಕ್ಲಬ್ಬಿನ ಕರೆಗೆ ಓಗೊಡಬೇಕೋ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಭಾವನೆಗಿಂತ ಲೆಕ್ಕ ಮುಖ್ಯ. ಹಂಗಾಮಿನ ವ್ಯಾಪಾರ ಮಾಡಿ ಬಲ್ಲವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮೂರು ಆದಾಯ ಮೂಲಗಳು

ಭಾರತದ ಹಾಕಿ ಆಟಗಾರನಿಗೆ ಆದಾಯ ಬರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಇಲಾಖೆ ಅಥವಾ ಸಾರ್ವಜನಿಕ ಉದ್ದಿಮೆಯ ನೌಕರಿ. ಎರಡನೆಯದು ಹರಾಜಿನ ಮೂಲಕ ದೊರೆಯುವ ಲೀಗ್ ಒಪ್ಪಂದ. ಮೂರನೆಯದು ಹೊರದೇಶದ ಕ್ಲಬ್ಬುಗಳ ಪರವಾಗಿ ಆಡಿ ಗಳಿಸುವ ಹಣ.

ಇವುಗಳಲ್ಲಿ ಹಳೆಯದೂ ಗಟ್ಟಿಯಾದದ್ದೂ ಮೊದಲನೆಯದೇ. ರೈಲ್ವೆ, ಭೂಸೇನೆ, ವಾಯುಸೇನೆ, ತೈಲ ಕಂಪನಿಗಳು, ರಾಷ್ಟ್ರೀಕೃತ ಬ್ಯಾಂಕುಗಳು ತಮ್ಮದೇ ತಂಡಗಳನ್ನು ಕಟ್ಟಿ, ಆಟಗಾರರಿಗೆ ಕಾಯಂ ನೌಕರಿ ಕೊಟ್ಟು ದಶಕಗಳ ಕಾಲ ಭಾರತೀಯ ಹಾಕಿಯನ್ನು ಸಾಕಿ ಬೆಳೆಸಿದವು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಸದಸ್ಯರೂ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರೂ ಆಗಿದ್ದ ಕೊಡಗಿನ ಎಂ.ಎಂ. ಸೋಮಯ್ಯನವರು ಭಾರತ್ ಪೆಟ್ರೋಲಿಯಂ ಸಂಸ್ಥೆಯ ಉದ್ಯೋಗಿಯಾಗಿದ್ದರು. 1973ರ ವಿಶ್ವಕಪ್‌ನಲ್ಲಿ ಭಾರತವನ್ನು ಮುನ್ನಡೆಸಿದ ಎಂ.ಪಿ. ಗಣೇಶ್ ಸೇನೆಯಿಂದ ಬಂದವರು. ಆ ಕಾಲದ ಆಟಗಾರನಿಗೆ ಕ್ಲಬ್ಬು ಎಂದರೆ ಕಚೇರಿ, ಒಪ್ಪಂದ ಎಂದರೆ ನೇಮಕಾತಿ ಆದೇಶ.

ಹುಬ್ಬಳ್ಳಿಗೆ ಈ ವ್ಯವಸ್ಥೆ ಹತ್ತಿರದ್ದು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ವಲಯ ಅಸ್ತಿತ್ವಕ್ಕೆ ಬಂದು ಹುಬ್ಬಳ್ಳಿ ಅದರ ಕೇಂದ್ರಸ್ಥಾನವಾಯಿತು. ಕ್ರೀಡಾ ಕೋಟಾದ ನೇಮಕಾತಿ ಪ್ರಕಟಣೆಗಳು ನಗರದ ರೈಲ್ವೆ ನೇಮಕಾತಿ ಕೋಶದಿಂದಲೇ ಹೊರಡುತ್ತವೆ. ಆಯ್ಕೆಯಾದ ಆಟಗಾರನಿಗೆ ಮಾಸಿಕ ಸಂಬಳ, ವೈದ್ಯಕೀಯ ಸೌಲಭ್ಯ, ಅಭ್ಯಾಸ ಮತ್ತು ಪಂದ್ಯಗಳಿಗೆ ವಿಶೇಷ ರಜೆ, ಆಟ ನಿಂತ ಮೇಲೂ ನಿವೃತ್ತಿಯವರೆಗೆ ಉದ್ಯೋಗ, ಇಷ್ಟೂ ದೊರೆಯುತ್ತವೆ. ಹಾಕಿ ಆಟಗಾರನ ಉತ್ತಮ ವರ್ಷಗಳು ಸಾಮಾನ್ಯವಾಗಿ ಹತ್ತೋ ಹನ್ನೆರಡೋ. ಅದರ ಆಧಾರದ ಮೇಲೆ ಮೂವತ್ತು ವರ್ಷಗಳ ಜೀವನೋಪಾಯ ಸಿಗುವುದು ಸಣ್ಣ ಮಾತಲ್ಲ.

ಈ ವ್ಯವಸ್ಥೆಗೂ ಮಿತಿಗಳಿವೆ. ಖಾಲಿ ಹುದ್ದೆಗಳು ಕೆಲವೇ, ಅರ್ಹತೆಗೆ ರಾಷ್ಟ್ರ ಅಥವಾ ರಾಜ್ಯ ಮಟ್ಟದ ಸಾಧನೆ ಬೇಕು, ಗೋಲಿ, ರಕ್ಷಣೆ, ಮುನ್ನಡೆ ಎಂದು ತಂಡಕ್ಕೆ ಯಾವ ಸ್ಥಾನದ ಆಟಗಾರ ಬೇಕಾಗಿದೆಯೋ ಅವನಿಗೇ ಅವಕಾಶ. ಸರ್ಕಾರಿ ನೌಕರರ ನಡತೆ ನಿಯಮಗಳು ಹವ್ಯಾಸಿಯಾಗಿ ಆಡುವುದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಹಣ ಪಡೆದು ಬೇರೆ ತಂಡಕ್ಕೆ ಆಡುವುದಾದರೆ ಮೇಲಧಿಕಾರಿಗಳ ಅನುಮತಿ ಪಡೆಯಬೇಕು. ಹೀಗಾಗಿ ನೌಕರಿಯಲ್ಲಿರುವ ಆಟಗಾರನ ಲೀಗ್ ಪ್ರವೇಶವೂ ಇಲಾಖೆಯ ಸಹಿಯನ್ನು ಅವಲಂಬಿಸಿದೆ.

ಲೀಗುಗಳ ಏಳುಬೀಳು

ಲೀಗಿನ ಆದಾಯ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ತಿಳಿಯಲು ಕಳೆದ ಎರಡು ದಶಕಗಳ ಇತಿಹಾಸ ಸಾಕು. 2005ರಲ್ಲಿ ಭಾರತೀಯ ಹಾಕಿ ಫೆಡರೇಷನ್ನಿನ ಆಶ್ರಯದಲ್ಲಿ ಪ್ರೀಮಿಯರ್ ಹಾಕಿ ಲೀಗ್ ಹೈದರಾಬಾದಿನಲ್ಲಿ ಆರಂಭವಾಯಿತು. ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿತ್ತು. ಪಂದ್ಯವನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಭಾಗಗಳಾಗಿ ವಿಂಗಡಿಸಿ, ದೂರದರ್ಶನದ ವೀಕ್ಷಕರಿಗೆ ಒಪ್ಪುವಂತೆ ಆಟವನ್ನು ರೂಪಿಸಿದ ಪ್ರಯೋಗ ಅದು. ನಾಲ್ಕು ಆವೃತ್ತಿಗಳು ನಡೆದು 2008ರಲ್ಲಿ ಅದು ನಿಂತಿತು. ಅದೇ ವರ್ಷ ಭಾರತ ತಂಡ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಲಿಲ್ಲ. ಫೆಡರೇಷನ್ ಅಮಾನತಿಗೆ ಒಳಗಾಯಿತು.

2012ರ ಫೆಬ್ರವರಿ 29ರಂದು ವರ್ಲ್ಡ್ ಸೀರೀಸ್ ಹಾಕಿ ಎಂಬ ಎರಡನೆಯ ಪ್ರಯತ್ನ ಆರಂಭವಾಯಿತು. ಎಂಟು ತಂಡಗಳಲ್ಲಿ ಕರ್ನಾಟಕ ಲಯನ್ಸ್ ಒಂದು. ಕೊಡಗಿನ ಅರ್ಜುನ್ ಹಾಲಪ್ಪ ಅದರ ನಾಯಕರಾಗಿದ್ದರು. ಇದನ್ನು ನಡೆಸಿದ್ದು ಭಾರತೀಯ ಹಾಕಿ ಫೆಡರೇಷನ್ ಮತ್ತು ನಿಂಬಸ್ ಸಂಸ್ಥೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಮಾನ್ಯತೆ ಇದ್ದದ್ದು ಹಾಕಿ ಇಂಡಿಯಾ ಎಂಬ ಬೇರೆ ಸಂಸ್ಥೆಗೆ. ಹೀಗಾಗಿ ಈ ಲೀಗಿನಲ್ಲಿ ಆಡಿದವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುವ ಭೀತಿ ಎದುರಾಯಿತು. ಲೀಗಿನ ಎರಡನೆಯ ಆವೃತ್ತಿ ನಡೆಯಲೇ ಇಲ್ಲ.

ಹಾಕಿ ಇಂಡಿಯಾ ತಾನೇ 2013ರಲ್ಲಿ ಐದು ತಂಡಗಳ ಹಾಕಿ ಇಂಡಿಯಾ ಲೀಗ್ ಆರಂಭಿಸಿತು. ಮೊದಲ ಹರಾಜಿನಲ್ಲಿ ಸರ್ದಾರ್ ಸಿಂಗ್ 78,000 ಡಾಲರಿಗೂ ಕೊಡಗಿನ ಪೆನಾಲ್ಟಿ ಕಾರ್ನರ್ ತಜ್ಞ ವಿ.ಆರ್. ರಘುನಾಥ್ 76,000 ಡಾಲರಿಗೂ ಮಾರಾಟವಾದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ತಂಡದ ಪರವಾಗಿ ಆಡಿದರು. ಗಡಿಯಲ್ಲಿನ ಬಿಗುವಿನ ಕಾರಣ ಅದೇ ಮೊದಲ ಋತುವಿನಲ್ಲಿ ಪಾಕಿಸ್ತಾನದ ಒಂಬತ್ತು ಆಟಗಾರರು ತಮ್ಮ ದೇಶಕ್ಕೆ ಮರಳಬೇಕಾಯಿತು. ಮೊದಲ ವರ್ಷದ ವಿಜೇತ ರಾಂಚಿ ರೈನೋಸ್ ತಂಡವೇ ಎರಡು ಋತುಗಳ ನಂತರ ಕಣದಿಂದ ಹೊರಗುಳಿಯಿತು. 2017ರ ಆವೃತ್ತಿಯ ನಂತರ ಲೀಗ್ ಸಂಪೂರ್ಣ ನಿಂತು, 2024ರ ಡಿಸೆಂಬರಿನವರೆಗೆ ಪುನಃ ನಡೆಯಲಿಲ್ಲ.

ಈ ಬಿಡುವು ಆಟಗಾರನ ಬದುಕಿನಲ್ಲಿ ಎಷ್ಟು ದೊಡ್ಡದು? 2017ರಲ್ಲಿ 22 ವರ್ಷದವನಾಗಿದ್ದ ಆಟಗಾರ ಲೀಗ್ ಮರಳುವ ಹೊತ್ತಿಗೆ 29 ತುಂಬಿದವನಾಗಿದ್ದ. ಅವನ ವೃತ್ತಿಜೀವನದ ಅತ್ಯುತ್ತಮ ಭಾಗ ಲೀಗ್ ಇಲ್ಲದೆಯೇ ಕಳೆದುಹೋಯಿತು. ಆ ಅವಧಿಯಲ್ಲಿ ಇಲಾಖೆಯ ನೌಕರಿಯಿದ್ದವರ ಮನೆಯಲ್ಲಿ ಒಲೆ ಉರಿಯಿತು. ಲೀಗನ್ನಷ್ಟೇ ನಂಬಿದವರು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು.

ಹರಾಜಿನ ಅಂಕಿಗಳನ್ನು ಓದುವ ಬಗೆ

2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂಪಾಯಿಗೆ ಸೂರ್ಮಾ ಹಾಕಿ ಕ್ಲಬ್ ಪಾಲಾದರು. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಈ ಅಂಕಿ. ವ್ಯಾಪಾರಸ್ಥರು ಗಮನಿಸಬೇಕಾದ ಅಂಕಿಗಳು ಬೇರೆ. ಪುರುಷರ ಪ್ರತಿಯೊಂದು ತಂಡಕ್ಕೆ ಖರ್ಚಿನ ಮಿತಿ 4 ಕೋಟಿ ರೂಪಾಯಿ, ತಂಡದ ಬಲ 24. ಸರಾಸರಿ ತೆಗೆದರೆ ಒಬ್ಬನಿಗೆ 16 ಲಕ್ಷ 67 ಸಾವಿರ ರೂಪಾಯಿ ಬರುತ್ತದೆ. ಆದರೆ ಒಬ್ಬನಿಗೇ 78 ಲಕ್ಷ ಕೊಟ್ಟ ತಂಡದಲ್ಲಿ ಮಿತಿಯ ಶೇಕಡಾ ಹತ್ತೊಂಬತ್ತೂವರೆ ಭಾಗ ಅಲ್ಲಿಯೇ ಮುಗಿಯಿತು. ಉಳಿದ 23 ಜನರಿಗೆ ಹಂಚಲು ಉಳಿಯುವುದು 3 ಕೋಟಿ 22 ಲಕ್ಷ, ಅಂದರೆ ಸರಾಸರಿ 14 ಲಕ್ಷ. ಈ ಸರಾಸರಿಯೂ ಎಲ್ಲರ ಕೈಗೆ ಬರುವುದಿಲ್ಲ. 24 ಜನರಲ್ಲಿ 8 ಮಂದಿ ಹೊರದೇಶದವರು. ಹೆಸರಾಂತ ಹೊರದೇಶೀಯರಿಗೆ ಬೆಲೆ ಹೆಚ್ಚು. ಅರ್ಜೆಂಟೀನಾ ಮೂಲದ ಜರ್ಮನ್ ಆಟಗಾರ ಗೊಂಜಾಲೊ ಪೆಯಾಟ್ ಅವರಿಗೆ ಹೈದರಾಬಾದ್ ತಂಡ 68 ಲಕ್ಷ ಕೊಟ್ಟಿತು.

ಕೆಳಗಿನ ಮೆಟ್ಟಿಲಿನಲ್ಲಿ ನಿಂತವರ ಮೂಲಬೆಲೆ 2 ಲಕ್ಷ ರೂಪಾಯಿ ಆಗಿತ್ತು. ಆ ಬೆಲೆಗೆ ಆಯ್ಕೆಯಾದ ತರುಣ 2024ರ ಡಿಸೆಂಬರ್ 28ರಿಂದ 2025ರ ಫೆಬ್ರವರಿ 1ರವರೆಗೆ, ಅಂದರೆ 36 ದಿನ ಆಡಿದರೆ ಒಳ್ಳೆಯ ಗಳಿಕೆಯೇ ಸರಿ. ಆದರೆ ಅದೇ ಹಣವನ್ನು ಹನ್ನೆರಡು ತಿಂಗಳಿಗೆ ಹರಡಿದರೆ ತಿಂಗಳಿಗೆ 16,667 ರೂಪಾಯಿ. ತೆರಿಗೆ, ಆಹಾರ, ಕೋಲು, ಬೂಟು, ವ್ಯಾಯಾಮ, ಗಾಯದ ಚಿಕಿತ್ಸೆ ಎಲ್ಲವೂ ಅದರೊಳಗೇ ಆಗಬೇಕು. ಮಹಿಳೆಯರ ಲೀಗಿನಲ್ಲಿ ನಾಲ್ಕೇ ತಂಡಗಳಿದ್ದು, ಪ್ರತಿ ತಂಡದ ಮಿತಿ 2 ಕೋಟಿ, ಅತಿ ಹೆಚ್ಚಿನ ಬೆಲೆ ಉದಿತಾ ದುಹಾನ್ ಅವರಿಗೆ ದೊರೆತ 32 ಲಕ್ಷ.

ಆ ಋತುವಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ತಂಡ ಕಟ್ಟಿದ ಮಾಲೀಕರೆಲ್ಲರೂ ಉಳಿಯಲೂ ಇಲ್ಲ. ಮುಂದಿನ ಋತುವಿಗೆ ಮುನ್ನವೇ ಯುಪಿ ರುದ್ರಾಸ್ ಹಣಕಾಸಿನ ಕಾರಣ ನೀಡಿ ಹಿಂದೆ ಸರಿಯಿತು. ಆ ಸ್ಥಾನವನ್ನು ಲೀಗಿನ ಆಡಳಿತ ಮಂಡಳಿಯೇ ತನ್ನ ಹೆಸರಿನ ತಂಡದಿಂದ ತುಂಬಬೇಕಾಯಿತು. ಬಂಡವಾಳ ಹೂಡಿದವನಿಗೆ ಹಿಂದೆ ಸರಿಯುವ ದಾರಿ ಇದೆ. ಆಟಗಾರನಿಗೆ ಕಳೆದ ವರ್ಷವನ್ನು ಹಿಂದಕ್ಕೆ ಪಡೆಯುವ ದಾರಿ ಇಲ್ಲ.

ಹೊರದೇಶದ ಹಾದಿ

ಲೀಗು ನಿಂತಾಗಲೆಲ್ಲ ಭಾರತೀಯ ಆಟಗಾರರು ಹೊರದೇಶದತ್ತ ನೋಡಿದ್ದಾರೆ. ಧನರಾಜ್ ಪಿಳ್ಳೆ ಅವರ ವೃತ್ತಿಜೀವನ ಇದಕ್ಕೆ ಒಳ್ಳೆಯ ನಿದರ್ಶನ. ಅವರು ಲಂಡನ್ನಿನ ಇಂಡಿಯನ್ ಜಿಮ್ಖಾನಾ, ಫ್ರಾನ್ಸಿನ ಲಿಯಾನ್, ಜರ್ಮನಿಯ ಸ್ಟುಟ್‌ಗಾರ್ಟ್ ಕಿಕರ್ಸ್, ಮಲೇಷ್ಯಾದ ಬ್ಯಾಂಕ್ ಮತ್ತು ಟೆಲಿಕಾಂ ಕಂಪನಿಗಳ ತಂಡಗಳು, ಢಾಕಾದ ಅಬಾಹನಿ ಎಂಬಿಷ್ಟು ಕ್ಲಬ್ಬುಗಳಿಗೆ ಆಡಿದರು. ಸರ್ದಾರ್ ಸಿಂಗ್ 2011ರಲ್ಲಿ ಬೆಲ್ಜಿಯಂನ ಲುವೆನ್ ಕ್ಲಬ್ಬನ್ನೂ 2013ರಲ್ಲಿ ನೆದರ್ಲೆಂಡ್ಸಿನ ಬ್ಲೂಮೆಂಡಾಲ್ ಕ್ಲಬ್ಬನ್ನೂ ಸೇರಿದರು.

ಈ ಮಾರುಕಟ್ಟೆಯಲ್ಲಿ ಎರಡು ಬಗೆಗಳಿವೆ. ಢಾಕಾ ಮತ್ತು ಮಲೇಷ್ಯಾದ ಲೀಗುಗಳು ಹೊರಗಿನ ಆಟಗಾರರನ್ನು ಕೆಲವು ವಾರಗಳ ಅಥವಾ ಕೆಲವು ಪಂದ್ಯಗಳ ಲೆಕ್ಕದಲ್ಲಿ ಕರೆಸಿಕೊಳ್ಳುತ್ತವೆ. ಸುಗ್ಗಿಯ ಕಾಲಕ್ಕೆ ಆಳುಗಳನ್ನು ಗೊತ್ತು ಮಾಡಿಕೊಂಡಂತೆ. ನೆದರ್ಲೆಂಡ್ಸ್, ಜರ್ಮನಿ, ಬೆಲ್ಜಿಯಂಗಳ ಕ್ಲಬ್ಬುಗಳು ಇಡೀ ಋತುವಿಗೆ ಒಪ್ಪಂದ ಮಾಡಿಕೊಳ್ಳುತ್ತವೆ. ಅಲ್ಲಿ ನಗದಿನ ಜತೆಗೆ ವಾಸಕ್ಕೆ ಮನೆ, ಓಡಾಟಕ್ಕೆ ವಾಹನ, ಕ್ಲಬ್ಬಿನ ಕಿರಿಯ ಮಕ್ಕಳಿಗೆ ತರಬೇತಿ ನೀಡುವ ಕೆಲಸ ಇವು ಒಪ್ಪಂದದ ಭಾಗವಾಗಿರುವುದು ಸಾಮಾನ್ಯ. ಬರಿಯ ನಗದಿನ ಅಂಕಿ ನೋಡಿ ಒಪ್ಪಂದದ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಕಾಲಮಾನವೂ ಇಲ್ಲಿ ಮುಖ್ಯ. ಯುರೋಪಿನ ಹೊರಾಂಗಣ ಹಾಕಿ ಸೆಪ್ಟೆಂಬರಿನಲ್ಲಿ ಆರಂಭವಾಗಿ, ಚಳಿಗಾಲದಲ್ಲಿ ನಿಂತು, ವಸಂತದಲ್ಲಿ ಮತ್ತೆ ಮುಂದುವರಿಯುತ್ತದೆ. ಆ ಚಳಿಗಾಲದ ಬಿಡುವಿನಲ್ಲಿಯೇ ಭಾರತದ ಲೀಗ್ ನಡೆಯುವುದರಿಂದ ಡಚ್, ಜರ್ಮನ್, ಬೆಲ್ಜಿಯನ್ ಆಟಗಾರರು ತಮ್ಮ ಕ್ಲಬ್ಬಿಗೆ ನಷ್ಟವಿಲ್ಲದೆ ಇಲ್ಲಿಗೆ ಬಂದು ಹೋಗಬಲ್ಲರು. ಭಾರತದ ಆಟಗಾರನಿಗೆ ಈ ಅನುಕೂಲವಿಲ್ಲ. ಯುರೋಪಿನ ಋತು ನಡೆಯುವಾಗ ರಾಷ್ಟ್ರೀಯ ತಂಡದ ಸಂಭಾವ್ಯರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಶಿಬಿರದಲ್ಲಿರುತ್ತಾರೆ. ಆದುದರಿಂದ ಹೊರದೇಶದ ಹಾದಿ ತೆರೆದಿರುವುದು ಹೆಚ್ಚಾಗಿ ಶಿಬಿರದ ಹೊರಗುಳಿದವರಿಗೆ, ಅಥವಾ ರಾಷ್ಟ್ರೀಯ ತಂಡದಿಂದ ನಿವೃತ್ತರಾದವರಿಗೆ. ಹುಬ್ಬಳ್ಳಿಯಂಥ ಊರಿನ ಎರಡನೆಯ ಸಾಲಿನ ಆಟಗಾರನಿಗೆ ಈ ಸಂಗತಿ ಆಶಾದಾಯಕವೂ ಹೌದು, ಎಚ್ಚರಿಕೆಯದ್ದೂ ಹೌದು. ಅವನಿಗೆ ಸಮಯವಿದೆ, ಆದರೆ ಚೌಕಾಸಿಗೆ ಬೇಕಾದ ಹೆಸರು ಇಲ್ಲ.

ಅಮೆರಿಕದ ಏಣಿ ಪದ್ಧತಿ

ಆಟಗಾರರು ಕೆಳ ಲೀಗಿನಿಂದ ಮೇಲಕ್ಕೆ, ಅಲ್ಲಿಂದ ಹೊರದೇಶಕ್ಕೆ ಸಾಗುವ ವ್ಯವಸ್ಥೆಯನ್ನು ಅತ್ಯಂತ ಕ್ರಮಬದ್ಧವಾಗಿ ಕಟ್ಟಿಕೊಂಡಿರುವುದು ಉತ್ತರ ಅಮೆರಿಕದ ಮಂಜುಗಡ್ಡೆ ಹಾಕಿ. ಆಟ ಬೇರೆಯಾದರೂ ವ್ಯವಹಾರದ ಪಾಠ ನಮಗೂ ಅನ್ವಯಿಸುತ್ತದೆ. ಅಲ್ಲಿನ ಅಗ್ರ ಲೀಗಾದ ಎನ್‌ಎಚ್‌ಎಲ್‌ನಲ್ಲಿ 2021ರಿಂದ 32 ತಂಡಗಳಿವೆ. ಪ್ರತಿಯೊಂದಕ್ಕೂ ಎಎಚ್‌ಎಲ್ ಎಂಬ ಎರಡನೆಯ ಲೀಗಿನಲ್ಲಿ ಜೋಡಿ ತಂಡವಿದೆ. ಅದರ ಕೆಳಗೆ ಇಸಿಎಚ್‌ಎಲ್ ಎಂಬ ಮೂರನೆಯ ಲೀಗು ಇದೆ.

ಹೊಸ ಆಟಗಾರನ ಒಪ್ಪಂದದಲ್ಲಿ ಎರಡು ಸಂಬಳಗಳನ್ನು ಬರೆದಿರುತ್ತಾರೆ: ಮೇಲಿನ ತಂಡದಲ್ಲಿದ್ದ ದಿನಗಳಿಗೆ ಒಂದು ದರ, ಕೆಳಗಿನ ತಂಡಕ್ಕೆ ಕಳುಹಿಸಿದ ದಿನಗಳಿಗೆ ಇನ್ನೊಂದು ದರ. ಎರಡರ ನಡುವಿನ ಅಂತರ ಬಹಳ ದೊಡ್ಡದು. 2025-26ರ ಋತುವಿನಲ್ಲಿ ಮೇಲಿನ ಲೀಗಿನ ಕನಿಷ್ಠ ವಾರ್ಷಿಕ ವೇತನ 7,75,000 ಡಾಲರ್ ಆಗಿತ್ತು. ಕೆಳಗೆ ಇಳಿದವನಿಗೆ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ. ಮೂರನೆಯ ಲೀಗಿನಲ್ಲಂತೂ ವಾರದ ಸಂಬಳ, ಋತು ಮುಗಿಯುವವರೆಗೆ ಕ್ಲಬ್ಬಿನ ಮನೆ. ಆದರೂ ಒಂದು ಸಂಗತಿ ಸ್ಪಷ್ಟ. ಕೆಳಗೆ ಇಳಿದರೆ ಎಷ್ಟು ಸಿಗುತ್ತದೆ ಎಂಬುದು ಆಟಗಾರನಿಗೆ ಸಹಿ ಹಾಕುವಾಗಲೇ ಗೊತ್ತಿರುತ್ತದೆ. ಕೆಳಗಿನ ಎರಡು ಲೀಗುಗಳ ಆಟಗಾರರ ಪರವಾಗಿ ಚೌಕಾಸಿ ಮಾಡಲು 1967ರಲ್ಲಿ ಸ್ಥಾಪಿತವಾದ ಸಂಘವೂ ಇದೆ.

ಆ ಏಣಿಯಲ್ಲಿ ಮೇಲೇರುವ ಅವಕಾಶ ಕಡಿಮೆಯೆಂದು ಕಂಡಾಗ ಆಟಗಾರರು ಜರ್ಮನಿ, ಸ್ವೀಡನ್, ಬ್ರಿಟನ್ ಮುಂತಾದ ದೇಶಗಳಿಗೆ ಹೋಗುತ್ತಾರೆ. ಬ್ರಿಟನ್ನಿನ ಕೆಲವು ಕ್ಲಬ್ಬುಗಳು ಆಡುತ್ತಲೇ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಅನುಕೂಲವನ್ನೂ ಒಪ್ಪಂದದಲ್ಲಿ ಸೇರಿಸುತ್ತವೆ. ಆಟ ಮುಗಿದ ನಂತರದ ಬದುಕಿಗೆ ಇದೊಂದು ಬಂಡವಾಳ. ನಮ್ಮಲ್ಲಿ ರೈಲ್ವೆ ನೌಕರಿ ಮಾಡುವ ಕೆಲಸವನ್ನು ಅಲ್ಲಿ ಪದವಿ ಮಾಡುತ್ತದೆ ಎನ್ನಬಹುದು.

ಪರವಾನಗಿ ಮತ್ತು ಸ್ಪರ್ಧಾ ಕಾನೂನು

ಆಟಗಾರ ತನ್ನ ಇಷ್ಟದಂತೆ ಯಾವ ತಂಡಕ್ಕಾದರೂ ಆಡಬಹುದೇ? ಇಲ್ಲ. ಹೊರದೇಶದ ಕ್ಲಬ್ಬಿಗೆ ಹೋಗಲು ರಾಷ್ಟ್ರೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಮಾನ್ಯತೆ ಇಲ್ಲದ ಪಂದ್ಯಾವಳಿಯಲ್ಲಿ ಆಡಿದವರನ್ನು ಮಾನ್ಯ ಪಂದ್ಯಗಳಿಂದ ದೂರವಿಡುವ ನಿಯಮವನ್ನು ಅಂತರರಾಷ್ಟ್ರೀಯ ಫೆಡರೇಷನ್ 2011ರಲ್ಲಿ ಜಾರಿಗೆ ತಂದಿತು.

ಈ ನಿಯಮವನ್ನು ಧನರಾಜ್ ಪಿಳ್ಳೆ ಮತ್ತಿತರರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಪ್ರಶ್ನಿಸಿದರು. ಹಾಕಿ ಇಂಡಿಯಾ ಒಂದೆಡೆ ಆಟದ ನಿಯಂತ್ರಕ, ಇನ್ನೊಂದೆಡೆ ತಾನೇ ಲೀಗ್ ನಡೆಸುವ ವ್ಯಾಪಾರಿ, ಹೀಗಿರುವಾಗ ಬೇರೆಯವರ ಲೀಗಿಗೆ ಆಟಗಾರರು ಹೋಗದಂತೆ ತಡೆಯುವುದು ಪ್ರಾಬಲ್ಯದ ದುರುಪಯೋಗ ಎಂಬುದು ಅವರ ವಾದವಾಗಿತ್ತು. 2013ರ ಮೇ 31ರ ಆದೇಶದಲ್ಲಿ ಆಯೋಗ, ಸಂಸ್ಥೆಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆ ಎಂದು ಒಪ್ಪಿತಾದರೂ ಕಾಯ್ದೆಯ ಉಲ್ಲಂಘನೆ ಸಾಬೀತಾಗಿಲ್ಲ ಎಂದು ಪ್ರಕರಣವನ್ನು ಮುಕ್ತಾಯಗೊಳಿಸಿತು. ಜತೆಗೆ, ನಿಯಂತ್ರಣದ ಅಧಿಕಾರವನ್ನು ವಾಣಿಜ್ಯ ಹಿತಕ್ಕಾಗಿ ಬಳಸದಂತೆ ಒಳಗಿನ ಕಟ್ಟುಪಾಡುಗಳನ್ನು ರೂಪಿಸಿಕೊಳ್ಳುವ ಅಗತ್ಯವನ್ನು ಎತ್ತಿ ಹೇಳಿತು. ಮಾರುಕಟ್ಟೆ ಪ್ರಾಂಗಣದ ನಿಯಮ ಮಾಡುವವನೇ ಅಲ್ಲಿ ಅಂಗಡಿಯನ್ನೂ ಇಟ್ಟರೆ ಏಳುವ ಪ್ರಶ್ನೆಯೇ ಇಲ್ಲಿಯೂ ಎದ್ದಿತು. ಪ್ರಾಯೋಜಕರಿಗೆ ಇದರ ತಾತ್ಪರ್ಯ ಇಷ್ಟು: ಯಾವುದೇ ಪಂದ್ಯಾವಳಿಗೆ ಹಣ ಹಾಕುವ ಮುನ್ನ ಅದಕ್ಕೆ ರಾಜ್ಯ ಮತ್ತು ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಕೇಳಬೇಕು. ಇಲ್ಲವಾದರೆ ಪ್ರೋತ್ಸಾಹದ ಹಣವೇ ಆಟಗಾರನ ಮುಂದಿನ ದಾರಿಗೆ ಮುಳ್ಳಾದೀತು.

ತೆರಿಗೆಯ ಅಂಶ

ಭಾರತದ ನಿವಾಸಿಯಾಗಿರುವ ಆಟಗಾರ ಹೊರದೇಶದಲ್ಲಿ ಗಳಿಸಿದ ಹಣವೂ ಇಲ್ಲಿಯ ಆದಾಯ ತೆರಿಗೆಗೆ ಒಳಪಡುತ್ತದೆ. ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದವಿದ್ದರೆ, ಆಟ ನಡೆದ ದೇಶದಲ್ಲಿ ತೆರಿಗೆ ಕಡಿತವಾಗಿ, ಆ ಮೊತ್ತಕ್ಕೆ ಇಲ್ಲಿ ಜಮೆ ಸಿಗುವುದು ಸಾಮಾನ್ಯ ಕ್ರಮ. ಅದಕ್ಕೆ ಕಡಿತದ ಪ್ರಮಾಣಪತ್ರ ಕೈಯಲ್ಲಿರಬೇಕು. ಅನೇಕ ತರುಣ ಆಟಗಾರರು ಕಳೆದುಕೊಳ್ಳುವುದು ಈ ಕಾಗದವನ್ನೇ. ಭಾರತಕ್ಕೆ ಬರುವ ಅನಿವಾಸಿ ವಿದೇಶಿ ಆಟಗಾರನ ಗಳಿಕೆಗೆ 1961ರ ಕಾಯ್ದೆ ಖರ್ಚುಗಳ ವಜಾ ಇಲ್ಲದೆ ಒಟ್ಟು ಮೊತ್ತದ ಮೇಲೆ ಶೇಕಡಾ 20ರ ಮೂಲ ದರವನ್ನು ಗೊತ್ತುಪಡಿಸಿತ್ತು. ಹಣ ಪಾವತಿಸುವವನೇ ಅದನ್ನು ಮುರಿದುಕೊಳ್ಳಬೇಕಾಗಿತ್ತು. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಕಲಮುಗಳ ಸಂಖ್ಯೆ ಬದಲಾಗುತ್ತದೆ. ಪ್ರದರ್ಶನ ಪಂದ್ಯಕ್ಕೆ ಹೊರದೇಶದ ಆಟಗಾರರನ್ನು ಕರೆಸುವ ಸ್ಥಳೀಯ ಸಂಘಟಕರು ಪಾವತಿಗೆ ಮುನ್ನ ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಸ್ಥಳೀಯ ಉದ್ಯಮಿ ಏನು ಮಾಡಬಹುದು?

ದೊಡ್ಡ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 7ನೆಯ ಅನುಸೂಚಿ ದಾರಿ ತೋರಿಸಿದೆ. ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಗೆ ಮಾಡುವ ವೆಚ್ಚ ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಸೇರುತ್ತದೆ. ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರುವುದಿಲ್ಲ. ಜೆರ್ಸಿಯ ಮೇಲೆ ಕಂಪನಿಯ ಹೆಸರು ಬರೆಸಿದ ಖರ್ಚು ಜಾಹೀರಾತು, ಮಕ್ಕಳ ತರಬೇತಿಗೆ ಕೊಟ್ಟ ಹಣ ಹೊಣೆಗಾರಿಕೆ. ಎರಡನ್ನೂ ಬೇರೆಬೇರೆ ಖಾತೆಯಲ್ಲಿ ತೋರಿಸಬೇಕು.

ನಮ್ಮ ಭಾಗದ ಸಣ್ಣ ಉದ್ದಿಮೆಗಳಲ್ಲಿ ಬಹುತೇಕ ಆ ಕಾಯ್ದೆಯ ಮಿತಿಯೊಳಗೆ ಬರುವುದಿಲ್ಲ. ಆದರೂ ಅವುಗಳು ಮಾಡಬಹುದಾದ ಕೆಲಸ ಲೀಗಿನ ಮಾಲೀಕರು ಮಾಡಲಾರದಂಥದ್ದು. ಆಟಗಾರನಿಗೆ ನಿಜವಾಗಿ ಕೊರತೆಯಿರುವುದು ಲೀಗಿನ 36 ದಿನಗಳಲ್ಲಲ್ಲ, ಉಳಿದ 329 ದಿನಗಳಲ್ಲಿ. ಒಂದು ಪಂದ್ಯಾವಳಿಯ ಪೆಂಡಾಲು, ಟ್ರೋಫಿ, ಸನ್ಮಾನದ ಶಾಲುಗಳಿಗೆ ತಗಲುವ ವೆಚ್ಚದಲ್ಲಿ ಒಬ್ಬ ತರುಣನಿಗೆ ಹಲವು ತಿಂಗಳ ಅರೆಕಾಲಿಕ ಸಂಬಳ ಕೊಡಬಹುದು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನದಿಂದ ಉಗ್ರಾಣ, ರವಾನೆ ಅಥವಾ ಮಾರಾಟ ವಿಭಾಗದಲ್ಲಿ ಕೆಲಸ, ಪಂದ್ಯದ ದಿನಗಳಿಗೆ ರಜೆ ಎಂಬ ಕ್ರಮ ಸಣ್ಣ ಘಟಕಕ್ಕೂ ಅಸಾಧ್ಯವಲ್ಲ. ಶಿಸ್ತು, ಸಮಯಪಾಲನೆ, ತಂಡದ ಜತೆ ದುಡಿಯುವ ಗುಣ ಇವು ಆಟಗಾರನಲ್ಲಿ ಮೊದಲೇ ಇರುತ್ತವೆ. ಇಲಾಖೆಗಳ ಮಾದರಿಯನ್ನೇ ಸಣ್ಣ ಪ್ರಮಾಣದಲ್ಲಿ ಖಾಸಗಿ ವಲಯ ಅನುಸರಿಸಿದಂತಾಗುತ್ತದೆ.

ಹೀಗೆ ನೆರವಾಗಲು ಮುಂದೆ ಬರುವವರು, ಮತ್ತು ಒಪ್ಪಂದದ ಕಾಗದ ಹಿಡಿದು ಸಲಹೆ ಕೇಳಲು ಬರುವ ಆಟಗಾರನ ಹಿರಿಯರು, ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು:

1. ಒಪ್ಪಂದದ ಮೊತ್ತ ಎಷ್ಟು ಕಂತುಗಳಲ್ಲಿ, ಯಾವ ದಿನಾಂಕಗಳಿಗೆ ಪಾವತಿಯಾಗುತ್ತದೆ? ಮುಂಗಡದ ಪಾಲು ಎಷ್ಟು? ಋತು ಮುಗಿದ ಮೇಲೆ ಬಾಕಿ ಉಳಿಯುವ ಕಂತು ಚಿಕ್ಕದಾಗಿದ್ದಷ್ಟೂ ಕ್ಷೇಮ.

2. ಲೀಗ್ ರದ್ದಾದರೆ ಅಥವಾ ತಂಡದ ಮಾಲೀಕರು ಹಿಂದೆ ಸರಿದರೆ ಹಣದ ಹೊಣೆ ಯಾರದು? ಬ್ಯಾಂಕ್ ಖಾತರಿ ಇದೆಯೇ?

3. ಗಾಯಗೊಂಡು ಆಡಲಾಗದಿದ್ದರೆ ಉಳಿದ ಹಣ ಸಿಗುತ್ತದೆಯೇ? ಚಿಕಿತ್ಸೆಯ ವೆಚ್ಚ ಯಾರು ಭರಿಸುತ್ತಾರೆ? ಸಾಮಾನ್ಯ ಅಪಘಾತ ವಿಮೆಯ ಅನೇಕ ಪಾಲಿಸಿಗಳಲ್ಲಿ ವೃತ್ತಿಪರ ಕ್ರೀಡೆಯನ್ನು ಹೊರಗಿಡುವ ಷರತ್ತು ಇರುವುದರಿಂದ ಪಾಲಿಸಿಯನ್ನು ಓದಿಯೇ ಕೊಳ್ಳಬೇಕು.

4. ಹೊರದೇಶದ ಒಪ್ಪಂದವಾದರೆ ವೀಸಾ ಕೆಲಸ ಮಾಡಲು ಅನುಮತಿಸುವಂಥದೇ? ಮನೆ, ಊಟ, ಮರಳುವ ವಿಮಾನದ ಖರ್ಚು ಬರವಣಿಗೆಯಲ್ಲಿದೆಯೇ? ಪ್ರವಾಸಿ ವೀಸಾದ ಮೇಲೆ ಹೋಗಿ ಸಂಬಳಕ್ಕೆ ಆಡುವುದು ಅಪಾಯಕಾರಿ.

5. ರಾಷ್ಟ್ರೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಹಾಗೂ ಉದ್ಯೋಗದಲ್ಲಿದ್ದರೆ ಇಲಾಖೆಯ ಅನುಮತಿ ಪ್ರಯಾಣಕ್ಕೆ ಮುನ್ನ ಕೈಸೇರಿದೆಯೇ?

6. ಮಧ್ಯವರ್ತಿಯ ದಲಾಲಿ ಶೇಕಡಾ ಎಷ್ಟು? ಅದನ್ನು ಒಪ್ಪಂದದ ಮೊತ್ತದ ಮೇಲೆ ಮುರಿಯುತ್ತಾರೋ, ನಿಜವಾಗಿ ಕೈಗೆ ಬಂದ ಹಣದ ಮೇಲೋ? ಎರಡನೆಯದೇ ನ್ಯಾಯ.

ಇವುಗಳಲ್ಲಿ ಒಂದೂ ವ್ಯಾಪಾರಸ್ಥರಿಗೆ ಅಪರಿಚಿತವಲ್ಲ. ಉದ್ರಿ ಕೊಡುವಾಗ, ಮಾಲು ರವಾನಿಸುವಾಗ, ದಲಾಲರೊಡನೆ ವ್ಯವಹರಿಸುವಾಗ ಅವರು ದಿನನಿತ್ಯ ಕೇಳುವ ಪ್ರಶ್ನೆಗಳೇ ಇವು. ಹದಿನೆಂಟು-ಇಪ್ಪತ್ತು ವರ್ಷದ ಆಟಗಾರನಿಗೆ ಮತ್ತು ಕೂಲಿ ಮಾಡಿ ಅವನನ್ನು ಬೆಳೆಸಿದ ತಂದೆತಾಯಿಗೆ ಇವು ಗೊತ್ತಿರುವುದಿಲ್ಲ. ಒಪ್ಪಂದದ ಕಾಗದವನ್ನು ಒಮ್ಮೆ ಓದಿ ಹೇಳುವ ನೆರವು ಟ್ರೋಫಿಗಿಂತ ಹೆಚ್ಚು ಬಾಳಿಕೆ ಬರುತ್ತದೆ.

ನೌಕರಿ, ಲೀಗು, ಹೊರದೇಶ ಈ ಮೂರರಲ್ಲಿ ಒಂದನ್ನು ಆರಿಸಿ ಉಳಿದೆರಡನ್ನು ಬಿಡಬೇಕಾಗಿಲ್ಲ. ನೌಕರಿಯನ್ನು ಮೂಲಬಂಡವಾಳವೆಂದೂ ಲೀಗನ್ನು ಹಂಗಾಮಿನ ಲಾಭವೆಂದೂ ಹೊರದೇಶದ ಋತುವನ್ನು ಅನುಭವ ಮತ್ತು ಹೆಚ್ಚುವರಿ ಗಳಿಕೆಯೆಂದೂ ಪರಿಗಣಿಸಿದ ಆಟಗಾರ ನಷ್ಟಕ್ಕೆ ಒಳಗಾಗುವುದು ಕಡಿಮೆ. ಹಂಗಾಮಿನ ಲಾಭವನ್ನೇ ಬಂಡವಾಳವೆಂದು ಬಗೆದವರ ಗತಿ ಏನಾಗುತ್ತದೆ ಎಂಬುದನ್ನು 2008, 2012 ಮತ್ತು 2017ರ ನಂತರದ ವರ್ಷಗಳು ತೋರಿಸಿಕೊಟ್ಟಿವೆ. ನೌಕರಿಯ ಹುದ್ದೆಗಳು ಎಲ್ಲರಿಗೂ ಸಾಲುವುದಿಲ್ಲ. ಆ ಕೊರತೆಯನ್ನು ಒಂದಿಷ್ಟಾದರೂ ತುಂಬುವ ಶಕ್ತಿ ಈ ಅವಳಿ ನಗರದ ಅಂಗಡಿ ಮತ್ತು ಕಾರ್ಖಾನೆಗಳಿಗೆ ಇದೆ.